ಶೆಡ್ಡಿನ ಹುಡುಗ ದೆಹಲಿಯ ಲೆಕ್ಕದಲ್ಲಿಲ್ಲ

ಮಾಗಡಿ ರಸ್ತೆಯಲ್ಲಿ ಸುಮನಹಳ್ಳಿ ದಾಟಿ ಸುಂಕದಕಟ್ಟೆಗೆ ಬಂದು, ಹೆಗ್ಗನಹಳ್ಳಿ ಕ್ರಾಸಿನಿಂದ ಪೀಣ್ಯದ ಕಡೆ ಹೊರಟರೆ ದಾರಿಯುದ್ದಕ್ಕೂ ಲೇತ್ ಶೆಡ್ಡು, ಪೌಡರ್ ಕೋಟಿಂಗು, ಗಾರ್ಮೆಂಟ್ಸು. ಗೇಟುಗಳಿಗೆ ತೂಗುಹಾಕಿದ ಬೋರ್ಡುಗಳು ವರ್ಷವಿಡೀ ಕೆಳಗಿಳಿಯುವುದಿಲ್ಲ: ಟರ್ನರ್ ಬೇಕಾಗಿದ್ದಾರೆ, ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ, ಟೈಲರ್ ಬೇಕಾಗಿದ್ದಾರೆ, ಹೆಲ್ಪರ್ ಬೇಕಾಗಿದ್ದಾರೆ. ಅದೇ ರಸ್ತೆಯಲ್ಲಿ ಊರ ಕಡೆಗೆ ಕೆಲವು ಕಿಲೋಮೀಟರ್ ಬಂದರೆ ವಿಜಯನಗರ. ಅಲ್ಲಿ ಕೋಚಿಂಗ್ ಸೆಂಟರು, ಪಿಜಿ, ಓದುವ ಕೊಠಡಿಗಳ ಸಾಲು. ಕೆಪಿಎಸ್‌ಸಿ 2024ರಲ್ಲಿ ಅರ್ಜಿ ಕರೆದ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳು 384. ಬಂದ ಅರ್ಜಿಗಳು ಎರಡು ಲಕ್ಷಕ್ಕೂ ಹೆಚ್ಚು. ಕನ್ನಡ ಪ್ರಶ್ನೆಪತ್ರಿಕೆಯ ಅನುವಾದ ಕೆಟ್ಟಿತೆಂದು ಪೂರ್ವಭಾವಿ ಪರೀಕ್ಷೆಯನ್ನು ಅದೇ ಡಿಸೆಂಬರಿನಲ್ಲಿ ಇನ್ನೊಮ್ಮೆ ಬರೆಸಿದ್ದೂ ಆಯಿತು.

ಒಂದು ತುದಿಯಲ್ಲಿ ಆಳು ಸಿಗುತ್ತಿಲ್ಲವೆಂಬ ಗೋಳು, ಇನ್ನೊಂದು ತುದಿಯಲ್ಲಿ ಕೆಲಸ ಸಿಗುತ್ತಿಲ್ಲವೆಂಬ ಗೋಳು. ಎರಡೂ ನಿಜ. ಯುವಜನರ ನಿರುದ್ಯೋಗಕ್ಕೆ ಕೇಂದ್ರ ಸರ್ಕಾರಗಳು ಏಳು ದಶಕಗಳಿಂದ ಹುಡುಕುತ್ತಿರುವ ಮದ್ದನ್ನು ಅಳೆದು ನೋಡಲು ಈ ರಸ್ತೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಅಂಕಿಯೊಳಗಿನ ಒಗಟು

ಕೇಂದ್ರದ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 2017–18ರಲ್ಲಿ 15ರಿಂದ 29 ವರ್ಷದವರಲ್ಲಿ ನಿರುದ್ಯೋಗ ಶೇ 17.8 ಇತ್ತು, 2023–24ರಲ್ಲಿ ಶೇ 10.2ಕ್ಕೆ ಇಳಿದಿತ್ತು. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಅದೇ ವರ್ಷ ಶೇ 3.2. ಇಳಿಕೆ ದೊಡ್ಡದೇ. ಆದರೆ ಈ ಲೆಕ್ಕದಲ್ಲಿ ಮನೆಯ ಅಂಗಡಿಯಲ್ಲಿ, ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವವರೂ ಉದ್ಯೋಗಸ್ಥರೇ. ಅಂಥವರ ಸಂಖ್ಯೆ ಈ ವರ್ಷಗಳಲ್ಲಿ, ಅದರಲ್ಲೂ ಹೆಂಗಸರಲ್ಲಿ, ಏರಿದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆಯ ಜೊತೆ 2024ರಲ್ಲಿ ಹೊರತಂದ ವರದಿಯಲ್ಲಿ ಇದಕ್ಕಿಂತ ಕಟುವಾದ ಅಂಕಿಯಿದೆ. 2022ರಲ್ಲಿ ಓದುಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ 3.4, ಪದವೀಧರರಲ್ಲಿ ಶೇ 29.1. ಅನಕ್ಷರಸ್ಥನಿಗೆ ಒಳ್ಳೆಯ ಕೆಲಸ ಸಿಗುತ್ತದೆಂದು ಇದರ ಅರ್ಥವಲ್ಲ. ಕೆಲಸವಿಲ್ಲದೆ ಕೂರುವುದು ಅವನಿಗೆ ಗಿಟ್ಟುವುದಿಲ್ಲ. ಸಿಕ್ಕಿದ್ದಕ್ಕೆ ಕೈ ಹಾಕುತ್ತಾನೆ. ಪದವೀಧರನನ್ನು ಮನೆಯವರು ಒಂದೆರಡು ವರ್ಷ ಹೇಗೋ ತಡೆದುಕೊಳ್ಳುತ್ತಾರೆ. ಹೆಗ್ಗನಹಳ್ಳಿಯ ಬೋರ್ಡು ಅವನ ಕಣ್ಣಿಗೂ ಬಿದ್ದಿರುತ್ತದೆ. ಅಲ್ಲಿ ಹೆಲ್ಪರಾಗಿ ಸೇರಿದರೆ ಐದು ವರ್ಷದ ಮೇಲೆ ತಾನು ಏನಾಗಿರುತ್ತೇನೆ ಎಂಬುದಕ್ಕೆ ಯಾರ ಬಳಿಯೂ ಉತ್ತರವಿಲ್ಲವಾದ್ದರಿಂದ ಅವನು ಸೇರುವುದಿಲ್ಲ.

ಸರ್ಕಾರದ ಯೋಜನೆಗಳನ್ನು ಪರೀಕ್ಷಿಸಬೇಕಾದ ಪ್ರಶ್ನೆಯೂ ಇದೇ. ಎಷ್ಟು ಜನರನ್ನು ಬಾಗಿಲ ತನಕ ತಂದರು ಎಂಬ ಲೆಕ್ಕ ಎಲ್ಲ ವರದಿಗಳಲ್ಲೂ ಸಿಗುತ್ತದೆ. ಒಳಹೊಕ್ಕವರು ಮೂರನೇ ವರ್ಷಕ್ಕೆ ಎಲ್ಲಿದ್ದಾರೆ ಎಂಬುದು ಸಿಗುವುದಿಲ್ಲ.

ಕಾರ್ಖಾನೆಯೇ ಶಾಲೆಯಾಗಿದ್ದ ಕಾಲ

ಮೊದಲ ತಂತ್ರ ಸರಳವಾಗಿತ್ತು: ಸರ್ಕಾರವೇ ಕಾರ್ಖಾನೆ ಕಟ್ಟುವುದು, ಅದಕ್ಕೆ ಬೇಕಾದ ಕೈಗಳನ್ನು ತಾನೇ ಪಳಗಿಸುವುದು. ಬೆಂಗಳೂರಿಗೆ ಇದರ ಪಾಲು ಧಾರಾಳವಾಗಿ ಸಿಕ್ಕಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ತಯಾರಿಸುವ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಕಸುಬು ಕಲಿಸುವ ಶಾಲೆಗಳ ಯೋಚನೆಯೂ ಈ ನಾಡಿಗೆ ಹೊಸದಲ್ಲ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1943ರಲ್ಲೇ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆರಂಭವಾಗಿತ್ತು. ಕೇಂದ್ರವು 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ತಂದು ದೇಶದಾದ್ಯಂತ ಕೈಗಾರಿಕಾ ತರಬೇತಿ ಸಂಸ್ಥೆಗಳಿಗೆ ದಾರಿ ಮಾಡಿತು. 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಬಂತು.

ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಎಲ್ಲರ ಬಾಯಲ್ಲಿ ಜಿಟಿಟಿಸಿ, ಆ ಪರಂಪರೆಯ ಒಳ್ಳೆಯ ಫಲ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಇಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಕಲಿಯಲು ಮೂರು ವರ್ಷ ಓದಬೇಕು, ಮೇಲೊಂದು ವರ್ಷ ಕಾರ್ಖಾನೆಯಲ್ಲಿ ದುಡಿಯಬೇಕು. ಕಲಿಯುವಾಗಲೇ ಅವನ ಕೈಯಲ್ಲಿ ಹೊರಗಿನ ಗಿರಾಕಿಯ ನಿಜವಾದ ಅಚ್ಚು ಇರುತ್ತದೆ. ಹೀಗೆ ಕಲಿತವರು ಕೆಲಸಕ್ಕಾಗಿ ಅಲೆಯುವುದು ಅಪರೂಪ.

ಈ ತಂತ್ರದ ಮಿತಿ ಇದ್ದದ್ದು ಸಂಖ್ಯೆಯಲ್ಲಿ. ಸಾರ್ವಜನಿಕ ಕಾರ್ಖಾನೆಗಳು ತೆಗೆದುಕೊಳ್ಳಬಲ್ಲಷ್ಟನ್ನು ತೆಗೆದುಕೊಂಡವು; 1991ರ ನಂತರ ಆ ಬಾಗಿಲೂ ಮುಚ್ಚುತ್ತ ಬಂತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಅಷ್ಟರೊಳಗೆ ದೊಡ್ಡ ಕಾರ್ಖಾನೆಗಳಿಗೆ ಜಾಬ್ ವರ್ಕ್ ಮಾಡಿಕೊಡುತ್ತ ಬೆಳೆದ ರಾಜಾಜಿನಗರ, ಕಾಮಾಕ್ಷಿಪಾಳ್ಯ, ಪೀಣ್ಯ, ಸುಂಕದಕಟ್ಟೆಯ ಶೆಡ್ಡುಗಳು ತಮ್ಮ ಕಾಲ ಮೇಲೆ ನಿಂತಿದ್ದವು. ಕೆಲಸ ಕಲಿಸುವ ಹೊಣೆ ಸದ್ದಿಲ್ಲದೆ ಅವುಗಳ ಹೆಗಲಿಗೆ ಬಂತು. ಸರ್ಕಾರದ ತಂತ್ರ ಮಾತ್ರ ಅವುಗಳ ಹಿಂದೆ ಬರಲಿಲ್ಲ.

ಸಾಲ ಕೊಟ್ಟು ಸ್ವಂತ ಕಾಲ ಮೇಲೆ

ಕಾರ್ಖಾನೆಯಲ್ಲಿ ಜಾಗವಿಲ್ಲ ಎಂದಾಗ ಎರಡನೇ ತಂತ್ರ ಹುಟ್ಟಿತು: ನೀನೇ ಏನಾದರೂ ಮಾಡಿಕೋ, ಸಾಲ ಕೊಡುತ್ತೇವೆ. 1979ರ ಆಗಸ್ಟ್ 15ರಂದು ಗ್ರಾಮೀಣ ಯುವಜನರ ಸ್ವಯಂ ಉದ್ಯೋಗ ತರಬೇತಿಗೆ ಟ್ರೈಸೆಮ್ ಯೋಜನೆ ಬಂತು. 1993ರ ಗಾಂಧಿ ಜಯಂತಿಯಂದು ಪ್ರಧಾನಮಂತ್ರಿ ರೋಜಗಾರ್ ಯೋಜನೆ, 2008ರಲ್ಲಿ ಅದನ್ನು ಒಳಗೊಂಡ ಪಿಎಂಇಜಿಪಿ, 2015ರ ಏಪ್ರಿಲ್ 8ರಂದು ಮುದ್ರಾ. ಹೆಸರು ಬದಲಾದರೂ ತಿರುಳು ಒಂದೇ.

ಈ ಸಾಲಿನಲ್ಲಿ ಕರ್ನಾಟಕವೇ ದೇಶಕ್ಕೆ ಕಲಿಸಿದ ಪಾಠವೊಂದಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆಗೂಡಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಅದರ ಕ್ರಮದಲ್ಲಿ ಮೂರು ಗುಟ್ಟುಗಳಿದ್ದವು. ತರಬೇತಿ ಚಿಕ್ಕದು, ಉಚಿತ ಮತ್ತು ಅಲ್ಲೇ ಉಳಿದು ಕಲಿಯುವಂಥದ್ದು. ಕಲಿಸುವ ಜಾಗಕ್ಕೂ ಸಾಲ ಕೊಡುವ ಬ್ಯಾಂಕಿಗೂ ನಂಟು ಬಿಡಿಸಲಾಗದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಶಿಬಿರ ಮುಗಿದ ಮೇಲೂ ಅಭ್ಯರ್ಥಿಯ ಬೆನ್ನು ಬಿಡದೆ ವಿಚಾರಿಸಿಕೊಳ್ಳುವುದು. ಕೇಂದ್ರ ಸರ್ಕಾರ ಮುಂದೆ ಇದೇ ಮಾದರಿಯಲ್ಲಿ ಜಿಲ್ಲೆಗೊಂದು ಆರ್‌ಸೆಟಿ ತೆರೆಯಲು ಬ್ಯಾಂಕುಗಳಿಗೆ ಹೇಳಿತು.

ಮುದ್ರಾದಲ್ಲಿ ಆ ಮೂರನೆಯ ಗುಟ್ಟು ಕಳೆದುಹೋಯಿತು. ಸಾಲವೂ ಚಿಕ್ಕದು: ಇದರ ಸಾಲಗಳಲ್ಲಿ ಸಂಖ್ಯೆಯ ಲೆಕ್ಕಕ್ಕೆ ಬಹುಪಾಲು ಶಿಶು ವರ್ಗದವು, ಅಂದರೆ 50 ಸಾವಿರ ರೂಪಾಯಿಯೊಳಗಿನವು. ಸುಂಕದಕಟ್ಟೆಯಲ್ಲಿ ಆ ಹಣಕ್ಕೆ ಗಾಡಿ ಹೋಟೆಲು ಇಡಬಹುದು, ಮನೆಯಲ್ಲೊಂದು ಹೊಲಿಗೆ ಯಂತ್ರ ಹಾಕಿಕೊಳ್ಳಬಹುದು. ಹಳೆಯದಾದರೂ ಸರಿ, ಒಂದು ಸಿಎನ್‌ಸಿ ಯಂತ್ರ ಬರುವುದಿಲ್ಲ. ಹೊಟ್ಟೆಪಾಡಿಗೆ ಇದು ಸಾಕು. ಇನ್ನೊಬ್ಬನಿಗೆ ಕೆಲಸ ಕೊಡುವ ಮಟ್ಟಕ್ಕೆ ಏರಲು ಸಾಲದು.

ಕೌಶಲದ ಕೋಟಿಗಳು

ಮೂರನೇ ತಂತ್ರದ ಮಂತ್ರ ಕೌಶಲ. 2008ರಲ್ಲಿ ರಾಷ್ಟ್ರೀಯ ಕೌಶಲಾಭಿವೃದ್ಧಿ ನಿಗಮ ಹುಟ್ಟಿತು. 2009ರ ನೀತಿ 2022ರೊಳಗೆ 50 ಕೋಟಿ ಜನರನ್ನು ತರಬೇತುಗೊಳಿಸುವ ಗುರಿ ಇಟ್ಟಿತು. 2014ರಲ್ಲಿ ಪ್ರತ್ಯೇಕ ಸಚಿವಾಲಯ ಬಂತು, 2015ರ ಜುಲೈ 15ರಂದು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ. ಅದರ ಎರಡನೇ ಆವೃತ್ತಿಗೆ ನಾಲ್ಕು ವರ್ಷಕ್ಕೆ 12 ಸಾವಿರ ಕೋಟಿ ರೂಪಾಯಿ, ಒಂದು ಕೋಟಿ ಯುವಜನರು ಎಂಬ ಲೆಕ್ಕ. ರಾಜ್ಯ ಸರ್ಕಾರವೂ 2017ರಲ್ಲಿ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ ತಂದಿತು.

ಆ ಎರಡನೇ ಆವೃತ್ತಿಯ ಅಲ್ಪಾವಧಿ ಕೋರ್ಸಿನ ಉದ್ದ 150ರಿಂದ 300 ಗಂಟೆ. ಜಿಟಿಟಿಸಿಯಲ್ಲಿ ನಾಲ್ಕು ವರ್ಷ ಹಿಡಿಯುವ ಕಸುಬಿನ ಹತ್ತಿರಕ್ಕೂ ಇದು ಬರುವುದಿಲ್ಲ, ಬರಬೇಕೆಂದೇನೂ ಇಲ್ಲ. ಆದರೆ ಗೇಟಿನ ಬೋರ್ಡು ಕೇಳುವುದು ಡ್ರಾಯಿಂಗ್ ಓದಬಲ್ಲ, ಟೂಲ್ ಸೆಟ್ ಮಾಡಬಲ್ಲ, ಮೈಕ್ರೋಮೀಟರ್ ಹಿಡಿದು ಅಳೆಯಬಲ್ಲ ಕೈಯನ್ನು. ಮುನ್ನೂರು ಗಂಟೆಯ ಪ್ರಮಾಣಪತ್ರ ಹಿಡಿದು ಬಂದವನನ್ನೂ ಮಾಲೀಕ ಹೆಲ್ಪರ್ ಸಂಬಳಕ್ಕೇ ಸೇರಿಸಿಕೊಳ್ಳುತ್ತಾನೆ. ಹಾಗಿದ್ದ ಮೇಲೆ ಆ ಗಂಟೆಗಳನ್ನು ಕೂತು ಕಳೆದದ್ದೇಕೆ?

ಶಾರದಾ ಪ್ರಸಾದ್ ನೇತೃತ್ವದ ಸಮಿತಿ ಈ ವ್ಯವಸ್ಥೆಯನ್ನು 2016ರಲ್ಲೇ ಪರಿಶೀಲಿಸಿ, ಗುರಿಗಳು ಕೈಗೆಟುಕದಷ್ಟು ದೊಡ್ಡವೆಂದೂ, ಉದ್ಯಮಗಳ ನಿಜವಾದ ಬೇಡಿಕೆಗೂ ತರಬೇತಿಗೂ ತಾಳೆಯಿಲ್ಲವೆಂದೂ ಹೇಳಿತ್ತು. ಯೋಜನೆಯ ಮೊದಲ ಮೂರು ಆವೃತ್ತಿಗಳಲ್ಲಿ ಅಲ್ಪಾವಧಿ ಪ್ರಮಾಣಪತ್ರ ಪಡೆದವರ ಪೈಕಿ ಕೆಲಸಕ್ಕೆ ಸೇರಿದವರು ನೂರಕ್ಕೆ ಸುಮಾರು 43. ನಾಲ್ಕನೇ ಆವೃತ್ತಿಗೆ ಬರುವಾಗ ಸರ್ಕಾರ ಕೆಲಸಕ್ಕೆ ಸೇರಿದವರ ಲೆಕ್ಕವನ್ನು ಹಿಂದಿನಂತೆ ಇಡುವುದನ್ನೇ ಬಿಟ್ಟು, ಅಭ್ಯರ್ಥಿ ತನ್ನ ದಾರಿ ತಾನೇ ಆರಿಸಿಕೊಳ್ಳಲಿ ಎಂದಿತು. ಅಂಕ ಕಡಿಮೆ ಬಂದರೆ ಅಂಕಪಟ್ಟಿಯನ್ನೇ ರದ್ದು ಮಾಡುವುದು ಸುಧಾರಣೆಯಲ್ಲ.

2023–24ರ ಆರ್ಥಿಕ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯಿದೆ. ಯುವಜನರಲ್ಲಿ ಔಪಚಾರಿಕ ತರಬೇತಿ ಪಡೆದವರು ಶೇ 4.4, ಮನೆಯಲ್ಲೋ ಶೆಡ್ಡಿನಲ್ಲೋ ನೋಡಿ ಮಾಡಿ ಕಲಿತವರು ಶೇ 16.6. ಅಂದರೆ ಸಚಿವಾಲಯ, ನಿಗಮ, ಮಿಷನ್ ಎಲ್ಲ ಸೇರಿ ಕಲಿಸಿದ್ದರ ಮೂರೂವರೆ ಪಟ್ಟಿಗಿಂತ ಹೆಚ್ಚನ್ನು ಮೇಸ್ತ್ರಿಗಳು, ಮಾಲೀಕರು, ಅಪ್ಪಂದಿರು ಕಲಿಸಿದ್ದಾರೆ. ದೇಶದ ಅತಿ ದೊಡ್ಡ ತರಬೇತಿ ಸಂಸ್ಥೆ ಸುಂಕದಕಟ್ಟೆಯಂಥ ಕಡೆಗಳ ಶೆಡ್ಡುಗಳೇ.

ಹೊಸ್ತಿಲುಗಳು

ಇಷ್ಟು ಗೊತ್ತಾದ ಮೇಲೆ ನೆರವು ಶೆಡ್ಡಿಗೆ ಮೊದಲು ಬರಬೇಕಿತ್ತು. ಆದರೆ ಕಾನೂನಿನ ಸಂಖ್ಯೆಗಳು ಅದನ್ನು ಹೊರಗೇ ನಿಲ್ಲಿಸುತ್ತವೆ. ಇಎಸ್‌ಐಗೆ ಹತ್ತು ಜನ ಬೇಕು. ಪಿಎಫ್‌ಗೆ ಇಪ್ಪತ್ತು. ಅಪ್ರೆಂಟಿಸ್‌ಗಳನ್ನು ಕಡ್ಡಾಯವಾಗಿ ತೆಗೆದುಕೊಳ್ಳಬೇಕಾದ್ದು ಮೂವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು. ಅದಕ್ಕಿಂತ ಕಡಿಮೆಯಿದ್ದರೆ ಮಾಲೀಕನ ಇಷ್ಟ, ನಾಲ್ಕಕ್ಕಿಂತ ಕಡಿಮೆಯಿದ್ದರೆ ಅವಕಾಶವೇ ಇಲ್ಲ. ಆರನೇ ಆರ್ಥಿಕ ಗಣತಿಯ ಪ್ರಕಾರ ದೇಶದ ಉದ್ದಿಮೆ, ಅಂಗಡಿ, ಕಸುಬಿನ ಜಾಗಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಕಡೆ ಹತ್ತು ಜನರೂ ಇಲ್ಲ.

2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆ ತಿಂಗಳ ಭತ್ಯೆಯ ಕಾಲು ಭಾಗವನ್ನು, ಹೆಚ್ಚೆಂದರೆ 1,500 ರೂಪಾಯಿಯನ್ನು, ಸರ್ಕಾರ ಭರಿಸುತ್ತದೆ ಎನ್ನುತ್ತದೆ. ದೊಡ್ಡ ಕಂಪನಿಯ ಎಚ್‌ಆರ್ ವಿಭಾಗ ಇದನ್ನು ಸಲೀಸಾಗಿ ಪಡೆಯುತ್ತದೆ. ಐದು ಜನರ ಶೆಡ್ಡಿನಲ್ಲಿ ಮಾಲೀಕನೇ ಸೆಟ್ಟರ್, ಅವನೇ ಡೆಲಿವರಿ, ಅವನೇ ಜಿಎಸ್‌ಟಿ. ಪೋರ್ಟಲ್ಲಿನಲ್ಲಿ ನೋಂದಾಯಿಸಿ, ಒಪ್ಪಂದ ಏರಿಸಿ, ತಿಂಗಳು ತಿಂಗಳು ಹಾಜರಿ ತುಂಬಲು ಅವನಿಗೆ ಗುಮಾಸ್ತನಿಲ್ಲ.

2024ರ ಬಜೆಟ್ಟಿನಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಇನ್ನೂ ಎತ್ತರದ ಹೊಸ್ತಿಲು ಹಾಕಿಕೊಂಡಿತು: ದೇಶದ 500 ದೊಡ್ಡ ಕಂಪನಿಗಳು ಮಾತ್ರ. ಐದು ವರ್ಷದಲ್ಲಿ ಒಂದು ಕೋಟಿ ಯುವಜನರು, ತಿಂಗಳಿಗೆ 5,000 ರೂಪಾಯಿ. ಪ್ರಾಯೋಗಿಕ ಹಂತದ ಮೊದಲ ಸುತ್ತಿನಲ್ಲಿ ಕಂಪನಿಗಳು ತೆರೆದ ಜಾಗಗಳು 1.27 ಲಕ್ಷ, ಒಪ್ಪಿದ ಅಭ್ಯರ್ಥಿಗಳು ಸುಮಾರು 28 ಸಾವಿರ, ಕೊನೆಗೆ ಸೇರಿದವರು ಸುಮಾರು 8,700. ಪರ ಊರಿನಲ್ಲಿ ರೂಮು ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದರೆ ಐದು ಸಾವಿರದಲ್ಲಿ ಏನು ಮಿಗುತ್ತದೆ ಎಂಬುದು ಹಳ್ಳಿಯಿಂದ ಬಂದು ಸುಂಕದಕಟ್ಟೆಯಲ್ಲಿ ಸಿಂಗಲ್ ರೂಮು ಹಿಡಿದ ಯಾವ ಹುಡುಗನಿಗೂ ಗೊತ್ತಿದ್ದ ಲೆಕ್ಕ.

ಪಿಎಫ್ ಎಂಬ ಅಳತೆಗೋಲು

ಈಗಿನ ತಂತ್ರ ಸಂಬಳಕ್ಕೆ ಸಹಾಯಧನ ಕೊಡುವುದು. 2016ರ ರೋಜಗಾರ್ ಪ್ರೋತ್ಸಾಹನ್ ಯೋಜನೆಯಲ್ಲಿ, 2020ರ ಆತ್ಮನಿರ್ಭರ ರೋಜಗಾರ್ ಯೋಜನೆಯಲ್ಲಿ ಸರ್ಕಾರ ಹೊಸ ನೌಕರರ ಪಿಎಫ್ ವಂತಿಗೆಯ ಭಾರ ಹೊತ್ತಿತು. 2025ರ ಜುಲೈ 1ರಂದು ಸಂಪುಟ ಒಪ್ಪಿದ ಯೋಜನೆ, ಮುಂದೆ ವಿಕಸಿತ ಭಾರತ ರೋಜಗಾರ್ ಯೋಜನೆ ಎಂದು ಹೆಸರಾದದ್ದು, ಇವುಗಳಿಗಿಂತ ಬಹಳ ದೊಡ್ಡದು: 99,446 ಕೋಟಿ ರೂಪಾಯಿ, ಎರಡು ವರ್ಷದಲ್ಲಿ ಮೂರೂವರೆ ಕೋಟಿ ಉದ್ಯೋಗ. ಮೊದಲ ಬಾರಿ ಕೆಲಸಕ್ಕೆ ಸೇರಿದವರಿಗೆ ಒಂದು ತಿಂಗಳ ವೇತನ, 15 ಸಾವಿರದ ಮಿತಿಯಲ್ಲಿ, ಎರಡು ಕಂತಿನಲ್ಲಿ. ಹೆಚ್ಚುವರಿ ನೌಕರರನ್ನು ತೆಗೆದುಕೊಂಡ ಮಾಲೀಕನಿಗೆ ಎರಡು ವರ್ಷದವರೆಗೆ ತಲೆಗೆ ತಿಂಗಳಿಗೆ 3,000 ರೂಪಾಯಿವರೆಗೆ; ಉತ್ಪಾದನಾ ವಲಯಕ್ಕಾದರೆ ನಾಲ್ಕು ವರ್ಷ. ಸಹಾಯಧನ ಸಿಗಬೇಕಾದರೆ ನೌಕರ ಕನಿಷ್ಠ ಆರು ತಿಂಗಳು ಉಳಿಯಬೇಕೆಂಬ ಷರತ್ತು ಇದರ ಒಳ್ಳೆಯ ಅಂಶ. ಎಲ್ಲಕ್ಕೂ ಆಧಾರ ಪಿಎಫ್ ಖಾತೆ.

ಪಿಎಫ್ ಖಾತೆಯನ್ನೇ ಒಳ್ಳೆಯ ಕೆಲಸದ ಗುರುತೆಂದು ದೆಹಲಿ ನಂಬುತ್ತದೆ. ಅದೇ ಖಾತೆ ಕಾರ್ಮಿಕರಿಗೆ ಏನು ಎಂಬುದನ್ನು ಬೆಂಗಳೂರು 2016ರ ಏಪ್ರಿಲ್ 18 ಮತ್ತು 19ರಂದು ತೋರಿಸಿತು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಯಾವ ದೊಡ್ಡ ಸಂಘದ ಕರೆಯೂ ಇಲ್ಲದೆ, ರಸ್ತೆಗಿಳಿದು ಊರಿನ ಹೆದ್ದಾರಿಗಳನ್ನು ನಿಲ್ಲಿಸಿದರು. 19ರ ಸಂಜೆಯೊಳಗೆ ಕೇಂದ್ರ ನಿಯಮ ಹಿಂತೆಗೆದುಕೊಂಡಿತು. ಹೊಲಿಗೆ ಸಾಲಿನಲ್ಲಿ ಟಾರ್ಗೆಟ್ಟಿನ ಒತ್ತಡದಲ್ಲಿ ಐವತ್ತೆಂಟರವರೆಗೆ ದುಡಿಯುವವರು ಎಷ್ಟು ಮಂದಿ? ಮಗಳ ಮದುವೆಗೆ, ಮನೆಯ ಭೋಗ್ಯಕ್ಕೆ, ಕಾಯಿಲೆಗೆ ಎಂದು ಕೆಲಸ ಬಿಟ್ಟು ಪಿಎಫ್ ದುಡ್ಡು ತೆಗೆದು, ಮತ್ತೊಂದು ಗಾರ್ಮೆಂಟ್ಸಿಗೆ ಹೊಸಬಳಾಗಿ ಸೇರುವುದು ಇಲ್ಲಿ ಮಾಮೂಲು. ಎಷ್ಟು ವರ್ಷದ ಅನುಭವಕ್ಕೂ ಸಂಬಳ ಹೆಚ್ಚದ ಕಡೆ ನಿಲ್ಲುವುದರಿಂದ ಸಿಗುವುದಾದರೂ ಏನು? ಅದೇ ವರ್ಷದ ಜೂನ್‌ನಲ್ಲಿ ಸಿದ್ಧ ಉಡುಪು ವಲಯಕ್ಕೆ ಬಂದ ಪ್ಯಾಕೇಜು ಮೂರು ವರ್ಷದಲ್ಲಿ ಒಂದು ಕೋಟಿ ಉದ್ಯೋಗದ ಮಾತಾಡಿತು, ನಿಗದಿತ ಅವಧಿಯ ನೇಮಕಕ್ಕೂ ದಾರಿ ತೆರೆಯಿತು. ಅನುಭವಕ್ಕೆ ತಕ್ಕ ವೇತನದ ಮಾತು ಅದರಲ್ಲಿರಲಿಲ್ಲ.

ಹೊರಗಿನ ದೇಶಗಳ ಅನುಭವ

ಈ ತಂತ್ರಗಳನ್ನು ಪ್ರಯತ್ನಿಸಿದ್ದು ಭಾರತವೊಂದೇ ಅಲ್ಲ. ದಕ್ಷಿಣ ಆಫ್ರಿಕಾ 2014ರ ಜನವರಿಯಿಂದ ಯುವ ನೌಕರರನ್ನು ತೆಗೆದುಕೊಂಡವರಿಗೆ ತೆರಿಗೆ ರಿಯಾಯಿತಿ ಕೊಟ್ಟಿತು. ಮೊದಲ ವರ್ಷಗಳ ಅಧ್ಯಯನಗಳಲ್ಲಿ ಯುವಜನರ ಉದ್ಯೋಗ ಗಮನಾರ್ಹವಾಗಿ ಏರಿದ್ದು ಕಾಣಲಿಲ್ಲ. ಹೇಗೂ ಸೇರಿಸಿಕೊಳ್ಳುತ್ತಿದ್ದವರಿಗೇ ಹಣ ಸಂದಿತು ಎಂಬುದು ಅನೇಕರ ಟೀಕೆ. ವಿಶ್ವ ಬ್ಯಾಂಕಿನ ಅರ್ಥಶಾಸ್ತ್ರಜ್ಞ ಡೇವಿಡ್ ಮೆಕೆಂಜಿ 2017ರಲ್ಲಿ ಬಡ ದೇಶಗಳ ತರಬೇತಿ ಯೋಜನೆಗಳನ್ನು ಒಟ್ಟಾಗಿ ನೋಡಿ, ನೂರು ಜನಕ್ಕೆ ತರಬೇತಿ ಕೊಟ್ಟರೆ ಅದರಿಂದಾಗಿಯೇ ಕೆಲಸ ಪಡೆದವರು ಮೂವರಿಗೂ ಕಡಿಮೆ ಎಂದು ಕಂಡುಕೊಂಡರು.

ಉಗಾಂಡದ ಪ್ರಯೋಗವೊಂದು ನಮ್ಮ ಶೆಡ್ಡುಗಳಿಗೆ ಹೆಚ್ಚು ಹತ್ತಿರದ್ದು. ಅಲ್ಲಿ ಕೆಲವು ಯುವಜನರಿಗೆ ತರಬೇತಿ ಶಾಲೆಯಲ್ಲಿ ಆರು ತಿಂಗಳು ಕಲಿಸಿದರು, ಕೆಲವರಿಗೆ ಸಣ್ಣ ಉದ್ದಿಮೆಯೊಳಗೇ ಕಲಿಸಿದರು. ಎರಡೂ ಗುಂಪಿನ ಗಳಿಕೆ ಹೆಚ್ಚಿತು. ಆದರೆ ವರ್ಷಗಳು ಉರುಳಿದಂತೆ ಶಾಲೆಯಲ್ಲಿ ಕಲಿತವರು ಮುಂದೆ ಹೋದರು. ಕೆಲಸ ಹೋದಾಗ ಅವರ ಕೈಯಲ್ಲಿ ಬೇರೆ ಮಾಲೀಕ ನಂಬುವ ಕಾಗದವಿತ್ತು. ಉದ್ದಿಮೆಯಲ್ಲಿ ಕಲಿತವರ ಕಲಿಕೆಗೆ ಆ ಮಾಲೀಕನೊಬ್ಬನೇ ಸಾಕ್ಷಿ. ಹಾಗಾಗಿ ಶೆಡ್ಡನ್ನು ಬರಿದೆ ಹೊಗಳಿ ಸುಮ್ಮನಾಗುವಂತಿಲ್ಲ. ಅಲ್ಲಿ ಕಲಿತದ್ದಕ್ಕೆ ಬೆಲೆಯುಳ್ಳ ಕಾಗದವೂ ಬೇಕು. ನಮ್ಮಲ್ಲಿ ಅದಕ್ಕೆಂದೇ ಪೂರ್ವ ಕಲಿಕೆಯ ಮಾನ್ಯತೆ ಎಂಬ ವ್ಯವಸ್ಥೆ ಕೌಶಲ ಯೋಜನೆಯೊಳಗಿತ್ತು. ಅದನ್ನು ಹನ್ನೆರಡು ಗಂಟೆಯ ಓರಿಯಂಟೇಷನ್ನಿಗೆ ಇಳಿಸಿ, ಗುರಿ ತುಂಬಿಸುವ ಸುಲಭದ ದಾರಿ ಮಾಡಿಕೊಂಡರು.

ರಾಜ್ಯದ ಪಾಲು

ಕರ್ನಾಟಕ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿಗೆ ಚಾಲನೆ ಕೊಟ್ಟಿತು. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷ. ಇದು ಕೆಲಸ ಹುಡುಕುವ ಕಾಲಕ್ಕೆ ಊರುಗೋಲು. ಕೆಲಸ ಹುಟ್ಟಿಸುವ ಯೋಜನೆಯಲ್ಲ. 2025ರಲ್ಲಿ ಬಂದ ಗಿಗ್ ಕಾರ್ಮಿಕರ ಕಾಯ್ದೆ ಬೇರೆ ದಿಕ್ಕಿನದು. ಡೆಲಿವರಿ ಬೈಕು, ಟ್ಯಾಕ್ಸಿ ವಹಿವಾಟಿನಲ್ಲಿ ಪಾವತಿಯ ಶೇ 1ರಿಂದ 5ರಷ್ಟನ್ನು ಕಲ್ಯಾಣ ಶುಲ್ಕವಾಗಿ ಸಂಗ್ರಹಿಸಲು ಅದು ಅವಕಾಶ ಮಾಡಿತು. ಶೆಡ್ಡು ಬಿಟ್ಟ ಹುಡುಗರು ಬೈಕು ಹತ್ತುತ್ತಿರುವ ಹೊತ್ತಿನಲ್ಲಿ ಇದು ಬೇಕಿದ್ದ ಕಾನೂನು. ಉದ್ಯೋಗ ಯೋಜನೆಯೆಂದು ಯಾರೂ ಲೆಕ್ಕಕ್ಕೆ ಹಿಡಿಯದ ಶಕ್ತಿ ಯೋಜನೆಯ ಉಚಿತ ಬಸ್ಸು ಹೆಣ್ಣುಮಕ್ಕಳ ದುಡಿಮೆಯ ಒಂದು ದೊಡ್ಡ ಖರ್ಚನ್ನು ತೆಗೆದುಹಾಕಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ ಮೆಟ್ರೊ ಮೂರನೇ ಹಂತದ ಹೊಸಹಳ್ಳಿ–ಕಡಬಗೆರೆ ಮಾರ್ಗ ಸುಂಕದಕಟ್ಟೆಯ ಮೇಲೇ ಹಾದುಹೋಗಲಿದೆ. ಕೆಲಸದ ಜಾಗ ತಲುಪುವ ದಾರಿಯೂ ಉದ್ಯೋಗ ನೀತಿಯೇ.

ಮಾಡಬೇಕಾದ್ದು

ಏಳು ದಶಕಗಳ ತಂತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬಂದ ಫಲದಲ್ಲಿ ಒಂದು ಕ್ರಮವಿದೆ. ಕಲಿಕೆ ದೀರ್ಘವಾಗಿದ್ದು ಯಂತ್ರದ ಪಕ್ಕದಲ್ಲೇ ನಡೆದ ಕಡೆ, ಜಿಟಿಟಿಸಿಯಂತೆ, ಫಲ ಬಂದಿದೆ. ತರಬೇತಿ ಮುಗಿದ ಮೇಲೂ ಬೆನ್ನು ಬಿಡದ ಕಡೆ, ರುಡ್‌ಸೆಟ್‌ನಂತೆ, ಫಲ ಬಂದಿದೆ. ಅವಸರದ ಕೋಟಿಗಳಲ್ಲಿ ಬಂದಿಲ್ಲ.

ಹೀಗಾಗಿ ಮೊದಲ ಕೆಲಸ, ಒಂಟಿ ಸಂಸ್ಥೆಯ ಬದಲು ಇಡೀ ಪ್ರದೇಶವನ್ನು ಘಟಕವೆಂದು ಎಣಿಸುವುದು. ಸುಂಕದಕಟ್ಟೆ, ಹೆಗ್ಗನಹಳ್ಳಿ, ಕಾಮಾಕ್ಷಿಪಾಳ್ಯದ ಐವತ್ತು ಶೆಡ್ಡುಗಳು ಸೇರಿದರೆ ಮುನ್ನೂರು ಕೈ ಆಗುತ್ತವೆ. ಅವುಗಳ ಪರವಾಗಿ ಅಪ್ರೆಂಟಿಸ್ ಒಪ್ಪಂದ, ಭತ್ಯೆ, ಇಎಸ್‌ಐ ಕಾಗದಪತ್ರಗಳನ್ನು ನೋಡಿಕೊಳ್ಳುವ ಒಂದು ಸಾಮಾನ್ಯ ಕಚೇರಿಗೆ ಕೇಂದ್ರ ಹಣ ಕೊಡಲಿ. ಎರಡನೆಯದು, ಶೆಡ್ಡಿನಲ್ಲಿ ದುಡಿಯುವವನಿಗೆ ವಾರದಲ್ಲೊಂದು ದಿನ ಜಿಟಿಟಿಸಿಯಲ್ಲೋ ಹತ್ತಿರದ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲೋ ಕಲಿಯುವ ಅವಕಾಶ, ಕೊನೆಗೆ ಯಂತ್ರದ ಮುಂದೆ ನಿಲ್ಲಿಸಿ ಕಟ್ಟುನಿಟ್ಟಾದ ಪರೀಕ್ಷೆ. ಮೂರನೆಯದು, ಸಹಾಯಧನವನ್ನು ತಲೆ ಎಣಿಕೆಗೆ ಕೊಡದೆ ವೇತನ ಏರಿಕೆಗೆ ಕಟ್ಟುವುದು. ಮೂರನೇ ವರ್ಷದ ಸಂಬಳ ಮೊದಲ ವರ್ಷದ್ದಕ್ಕಿಂತ ನಿಜವಾಗಿ ಹೆಚ್ಚಿದ್ದರೆ ಮಾತ್ರ ಕೊನೆಯ ಕಂತು.

ಲೋಕಸಭೆಯಲ್ಲಿ ಈ ಯೋಜನೆಗಳ ಬಗ್ಗೆ ಪ್ರಶ್ನೆ ಕೇಳುವ ನಮ್ಮ ಸಂಸದರು ಎಷ್ಟು ಜನಕ್ಕೆ ತರಬೇತಿ ಕೊಟ್ಟಿರಿ ಎಂದು ಇನ್ನು ಕೇಳುವುದು ಬೇಡ. ಆ ಉತ್ತರ ಯಾವಾಗಲೂ ಕೋಟಿಗಳಲ್ಲೇ ಬರುತ್ತದೆ. ಮೂರು ವರ್ಷದ ಹಿಂದೆ ಸೇರಿದವರಲ್ಲಿ ಇಂದು ಎಷ್ಟು ಮಂದಿ ಕೆಲಸದಲ್ಲಿದ್ದಾರೆ, ಯಾವ ಸಂಬಳಕ್ಕೆ, ಅವರಲ್ಲಿ ಹತ್ತು ಜನರಿಗಿಂತ ಚಿಕ್ಕ ಶೆಡ್ಡಿನವರು ಎಷ್ಟು ಎಂದು ಕೇಳಲಿ.